ಎರಡನೇ ಸಾಕ್ಷಿ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಬೋಳಿಸಿ. ನಾಗಪುರದಲ್ಲಿ ಇಂಥ ಮೀಸೆ ಇನ್ನೊಂದಿಲ್ಲ, ಯೋಚಿಸಿಯೇ ಪಣಕ್ಕಿಟ್ಟಿದ್ದೇನೆ. ಹುಲಿಯನ್ನು ಗದರಿಸಿ ಮನೆಗೆ ಕಳಿಸಿದ ಗಂಡಸು ನಾನು. ಆದರೂ ಈ ಕತೆ ಹೇಳುವಾಗ ಕಂದೀಲಿನ ಬತ್ತಿ ಒಂದಿಷ್ಟು ಏರಿಸುತ್ತೇನೆ...

ಐವತ್ನಾಲ್ಕರ ಚಳಿಗಾಲ. ನನ್ನ ಚಿಕ್ಕಪ್ಪನ ಮಗ ಬಸವಂತ ಇಲ್ಲಿಯ ಗೂಡ್ಸ್ ಯಾರ್ಡಿನಲ್ಲಿ ಫೈರ್‌ಮನ್, ಎಂಜಿನ್ನಿಗೆ ಕಲ್ಲಿದ್ದಲು ಹಾಕುವವ. ತಿರುವಿನಲ್ಲಿ ಡ್ರೈವರನಿಗೆ ಸಂಕೇತದ ಕೈದೀಪ ಕಾಣದು. ನೋಡಿ ಹೇಳುವವನು ಇವನೇ. ಒಂದು ರಾತ್ರಿ ಹಸಿರು ಕಂಡಿತು, ಹೇಳಿದ. ಎಂಜಿನ್ ಹಿಂದೆ ಸರಿಯಿತು. ವ್ಯಾಗನ್ ಜೋಡಿಸುತ್ತಿದ್ದ ಸಾಮುವೇಲಪ್ಪ ನಡುವೆ ಸಿಕ್ಕು ಸತ್ತ. ಧಾರವಾಡದ ಕ್ರಿಸ್ತಾನ, ಬೈಬಲ್ ಓದದೆ ಊಟದ ಡಬ್ಬಿ ಬಿಚ್ಚದವ.

ಹೊತ್ತಿಗೆ ಮುಂಚೆ ಹಸಿರು ತೋರಿಸಿದವನು ಯಾರ್ಡಿನ ಮೇಲ್ವಿಚಾರಕ, ಫೋರ್ಮನ್. ಬಸವಂತ ಕಣ್ಣಾರೆ ಕಂಡಿದ್ದ. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಪಾಂಡುರಂಗ ತೋರಿಸಿದ ಅಂತ ಸಾಕ್ಷಿ ಹೇಳು, ಹುಬ್ಬಳ್ಳಿಗೆ ನಿನ್ನ ವರ್ಗ ಪಕ್ಕಾ ಅಂದಿದ್ದ ಫೋರ್ಮನ್. ಪಾಂಡುರಂಗನಿಗೆ ಜೈಲು ಪಕ್ಕಾ.

ಬೆಳಗಾದರೆ ವಿಚಾರಣೆ. ಬಸವಂತ ಪಾಳಿ ಮುಗಿಸಿ, ಹಾಳು ಬಾವಿಯ ದಾರಿ ಹಿಡಿದು, ಸಾಕ್ಷಿಯ ಮಾತು ಬಾಯಿಪಾಠ ಮಾಡುತ್ತ ಮನೆಗೆ ಹೊರಟಿದ್ದ. ಗೂಬೆ ಕೂಗಿತು.

"ಹಸಿರು ತೋರಿಸಿದವ ಪಾಂಡುರಂಗ..."

ಕಿಟಕ್.

ಕೈದೀಪದ ಬಣ್ಣದ ಗಾಜು ತಿರುಗಿದ ಸದ್ದು. ಬಾವಿಕಟ್ಟೆಯ ಮುಂದೆ ಕೆಂಪು ದೀಪ. ಹಿಡಿದ ಕೈ ಇಲ್ಲ.

ನೀವಾದರೆ ಓಡುತ್ತಿದ್ದಿರಿ. ಬಸವಂತ ರೈಲ್ವೆಯವ. ಕೆಂಪು ಕಂಡರೆ ನಿಲ್ಲಬೇಕು, ಹಿಡಿದವರು ಬದುಕಿರಲಿ ಸತ್ತಿರಲಿ. ನಿಂತ.

ಖಣ್... ಖಣ್... ಕಲ್ಲಿನ ಮೇಲೆ ವ್ಯಾಗನ್ ಜೋಡಿಸುವ ಸರಪಳಿ ಎಳೆದ ಹಾಗೆ. ಆಮೇಲೆ ಕಿವಿಯ ಪಕ್ಕದಲ್ಲೇ ಪಿಸುಮಾತು.

"ಇನ್ನೊಮ್ಮೆ ಹೇಳಪಾ."

"ಸಾ... ಸಾಮುವೇಲಣ್ಣ?"

"ಹೇಳು."

"ಪಾಂಡುರಂಗ..."

ಕೆಂಪು ಒಂದು ಮಾರು ಹತ್ತಿರ ಬಂತು. ಖಣ್.

"ಬಿಡಣ್ಣಾ... ಈ ಬಿಸಿಲೂರು ಸಾಕಾಗೇತಿ. ಹುಬ್ಬಳ್ಳಿಗೆ ಹೋಗಬೇಕು ನಾ."

"ನಾನೂ ಹೋಗಬೇಕಂತಿದ್ದೆ."

ಬಸವಂತ ಕೈಮುಗಿದ.

"ನಮ್ಮ ಬೈಬಲ್‌ನಾಗ ಐತಿ," ಅಂತು ಪಿಸುಮಾತು. "ಒಬ್ಬನ ಮಾತಿನ ಮ್ಯಾಲೆ ಯಾರನ್ನೂ ತಪ್ಪಿತಸ್ಥ ಅನ್ನಬಾರದು. ಸಾಕ್ಷಿ ಇಬ್ಬರು ಬೇಕು."

"ನೋಡಿದವ ನಾ ಒಬ್ಬನ ಅಲ್ಲೇನಣ್ಣಾ..."

"ನಾನೂ ನೋಡೀನಿ."

ಕೆಂಪು ಬೆಳಕು ಈಗ ಎದೆಯ ಮೇಲೆ. ಬಿಸಿಯಿಲ್ಲ... ತಣ್ಣಗೆ.

"ಫೋರ್ಮನ್!" ಅಂದ ಬಸವಂತ. "ಫೋರ್ಮನ್ ತೋರಿಸಿದ!"

ಕಿಟಕ್. ಹಸಿರು.

ಆಮೇಲೆ ಅವನು ಹೋದಷ್ಟು ಜಲ್ದಿ ಯಾವ ಮೇಲ್ ಗಾಡಿಯೂ ಈ ಊರು ದಾಟಿಲ್ಲ.

ಬೆಳಿಗ್ಗೆ ವಿಚಾರಣೆಯಲ್ಲಿ ಕಂಡದ್ದನ್ನೇ ಹೇಳಿದ. ಪಾಂಡುರಂಗ ಉಳಿದ. ಹುಬ್ಬಳ್ಳಿ ಹೋಯಿತು, ಬಸವಂತ ಇನ್ನೂ ಇಲ್ಲೇ ಬೇಯುತ್ತಿದ್ದಾನೆ, ಹೋಗಿ ಕೇಳಿ. ಒಂದು ಮಾತು ಮಾತ್ರ ಅವನೂ ಮೆತ್ತಗೆ ಹೇಳುತ್ತಾನೆ. ವಿಚಾರಣೆಯ ಕೋಣೆಗೆ ಅವನು ಹೋದದ್ದು ಒಬ್ಬನೇ. ಪರವೂರಿನಿಂದ ಬಂದಿದ್ದ ಸಾಹೇಬ ತಲೆಯೆತ್ತಿ ನೋಡಿ, ಇನ್ನೊಂದು ಕುರ್ಚಿ ತಾ ಅಂತ ಜವಾನನಿಗೆ ಹೇಳಿದ. ಜವಾನ ತಂದಿಟ್ಟ. ಯಾಕೆ ಅಂತ ಯಾರೂ ಕೇಳಲಿಲ್ಲ.

ನಡೆದದ್ದು, ನಿಜವಾಗಿ ನಡೆದದ್ದು. ಸಾಕ್ಷಿಯ ವಿಷಯ, ಆದ್ದರಿಂದ ಹೇಳಿಬಿಡುತ್ತೇನೆ: ಗೂಬೆ ಮಾತ್ರ ನಾನು ಸೇರಿಸಿದ್ದು.