ಆರೋ ಒಂಬತ್ತೋ

ಹಲೋ... ಹಲೋ, ಯಾರು ಮಾತಾಡ್ತಿರೋದು? ಬಾವಿಯೊಳಗಿಂದ ಕೂಗಿದ ಹಾಗಿದೆ...

ಓ, ಭಾವ! ಹಳೇ ಕಟ್ಟಡದ ನೆಲಮಾಳಿಗೇಲಿ, ಸ್ಕ್ಯಾನ್ ರೂಮಲ್ಲಿದ್ದೀರಾ? ಒಳ್ಳೇದಾಯ್ತು. ನಾನು ಹೊಸ ಕಟ್ಟಡದಲ್ಲಿ, ಆಪರೇಷನ್ ಥಿಯೇಟರ್ ಪಕ್ಕದ ಗೂಡಲ್ಲಿ, ಬಕೆಟ್ಟು ಪೊರಕೆಗಳ ಮಧ್ಯೆ ರೂಟರ್ ಮುಂದೆ ಮಂಡಿಯೂರಿ ಕೂತಿದ್ದೀನಿ... ಚೆನ್ನಾಗಿದ್ದೀನಿ, ವಿಚಾರಿಸಿದ್ದಕ್ಕೆ ಸಂತೋಷ.

ಅಲ್ಲ ಭಾವ, ನಿನ್ನೆ ಅಲ್ಲಿಯ ರೂಟರ್ ಬದಲಾಯಿಸಿದ್ದು ನೀವೇ ತಾನೆ?... ಹಾಂ. ನಾನೂ ಬರ್ತೀನಿ ಅಂದ್ರೆ, ‘ಇಷ್ಟಕ್ಕೆಲ್ಲ ನೀನ್ಯಾಕೆ, ಕಣ್ಣು ಮುಚ್ಕೊಂಡು ಮಾಡ್ತೀನಿ’ ಅಂದಿದ್ರಿ. ಆಡಿದ ಮಾತಿಗೆ ತಪ್ಪಿಲ್ಲ ನೀವು. ಕಣ್ಣು ಮುಚ್ಕೊಂಡೇ ಮಾಡಿದ್ದೀರಿ.

ಏನಾಗಿದೆಯಾ? ಏಣಿಯಿಂದ ಬಿದ್ದ ಪೇಂಟರ್ ಒಬ್ಬ ಇಲ್ಲಿ ಟೇಬಲ್ ಮೇಲಿದ್ದಾನೆ. ತಲೆಯೊಳಗೆ ರಕ್ತ ಸೋರ್ತಿದೆ. ಸ್ಕ್ಯಾನ್ ನಿಮ್ಮ ಕಡೆ ಆಗಿದೆ, ಇಲ್ಲಿ ಡಾಕ್ಟ್ರ ಪರದೆ ಮೇಲೆ ಬರ್ತಿಲ್ಲ. ನೋಡದೆ ಎಲ್ಲಿ ಅಂತ ಕೊರೀತಾರೆ?...

ಮೊಬೈಲಲ್ಲಿ ಫೋಟೋ ತೆಗೆದು ಕಳಿಸ್ತೀರಾ? ನೂರಾರು ಚಿತ್ರ ಭಾವ. ಮದುವೆ ಆಲ್ಬಮ್ ಅಂದ್ಕೊಂಡ್ರಾ?

ದೀಪ ಉರೀತಿದೆಯಾ? ಹಸಿರಾ?... ಇಲ್ಲೂ ಹಸಿರೇ. ಅಂದ್ರೆ ಎರಡು ಕಟ್ಟಡದ ನಡುವಿನ ವೈರು ಸರಿ ಇದೆ; ಇಂಟರ್‌ನೆಟ್ ಲೈನು ಬೇರೆ, ಅದಕ್ಕೇನೂ ಆಗಿಲ್ಲ. ಈಗ ಐಪಿ ವಿಳಾಸ ನೋಡಿ. ನನ್ನ ರೂಟರ್‌ದು ಕೊನೇ ಅಂಕಿ ಐದು. ನಿಮ್ಮದು?

ಎಷ್ಟು?... ಇನ್ನೊಂದ್ಸಲ ಹೇಳಿ... ಒಂಬತ್ತಾ?

ಭಾವ, ಅಕ್ಕ ‘ನಿಮ್ಮ ಭಾವನ್ನ ನಿನ್ನ ಕೆಲಸಕ್ಕೇ ಸೇರಿಸ್ಕೋ’ ಅಂದಾಗ ಸಬ್‌ನೆಟ್ ಅಂದ್ರೇನು ಅಂತ ಕಲಿಸಿದ್ದೆನಲ್ವಾ? ಒಂದು ಬೀದಿ ಇದ್ದ ಹಾಗೆ. ಈ ಎರಡು ರೂಟರ್ ಮಾತಾಡ್ಕೊಳ್ಳೋಕೆ ಅಂತಲೇ ಪುಟ್ಟದೊಂದು ಮಾಡಿಟ್ಟಿದ್ದೀನಿ. ಮನೆ ನಂಬರ್ ನಾಲ್ಕರಿಂದ ಏಳು, ಅಷ್ಟೇ. ಅದರಲ್ಲಿ ನಾಲ್ಕು, ಏಳು ಯಾರಿಗೂ ಕೊಡೋ ಹಾಗಿಲ್ಲ. ಐದು ನನ್ನದು. ಉಳಿದಿದ್ದೆಷ್ಟು? ಬೇಕಾದ್ರೆ ಬೆರಳು ಮಡಚಿ ಎಣಿಸಿ...

ಹಾಂ, ಆರು! ನಿಮ್ಮ ಒಂಬತ್ತು ಪಕ್ಕದ ಬೀದೀಲಿ ನಿಂತಿದೆ. ನನ್ನ ರೂಟರ್ ಇಲ್ಲಿ ಆರು, ಆರು ಅಂತ ಕೂಗಿ ಗಂಟಲು ಹರ್ಕೋತಿದೆ.

ಹಳೇ ರೂಟರ್ ಮೇಲೆ ಒಂಬತ್ತು ಅಂತಲೇ ಬರೆದಿತ್ತಾ? ಬರೆದೋಳು ನಾನೇ ಭಾವ... ತಾಳಿ, ಅದು ಹೇಗೆ ಕೂತಿತ್ತು?... ತಲೆಕೆಳಗಾಗಿ. ಓಹೋ. ಪಕ್ಕದಲ್ಲೇ ಕಂಪನಿ ಹೆಸರೂ ತಲೆಕೆಳಗೇ ಕಂಡಿರ್ಬೇಕಲ್ವಾ? ಒಂಚೂರೂ ಅನುಮಾನ ಬರ್ಲಿಲ್ವಾ?

ನಗ್ತಿಲ್ಲ, ಹಲ್ಲು ಕಡೀತಿದ್ದೀನಿ. ಒಂಬತ್ತು ಅಳಿಸಿ ಆರು ಹಾಕಿ. ಮಾಸ್ಕ್ ಮುಟ್ಬೇಡಿ... ಮುಖದ್ದಲ್ಲ ಭಾವ! ಅದರ ಕೆಳಗಿನ ಸಾಲು, ಸಬ್‌ನೆಟ್ ಮಾಸ್ಕು. ಅದು ಸರಿಯಾಗೇ ಇದೆ, ನೀವಿನ್ನೂ ಕೈಯಿಟ್ಟಿಲ್ಲ.

ಒತ್ತಿದ್ರಾ?... ತಾಳಿ... ಬಂತು! ಉತ್ತರ ಬಂತು! ಡಾಕ್ಟ್ರೇ, ಈಗ ನೋಡಿ!...

ತೆರೀತು ಭಾವ. ಎಲ್ಲಾ ಚಿತ್ರಗಳೂ ಬಂದ್ವು. ಡಾಕ್ಟ್ರು ನೋಡಿದ್ರು, ‘ಇನ್ನೂ ತಡ ಆಗಿಲ್ಲ’ ಅಂದ್ರು, ಒಳಗೆ ಹೋದ್ರು.

ಯಾರ ಹತ್ರ ಮಾತಾಡ್ತಿದ್ದೀರಿ?... ಪೇಂಟರ್ ಹೆಂಡತೀನಾ? ಸ್ಕ್ಯಾನ್ ಆದಾಗಿಂದ ಅಲ್ಲೇ ಬಾಗಿಲ ಹೊರಗೆ ಕೂತಿದ್ದಾರಾ? ಇಷ್ಟು ಹೊತ್ತೂ ನಿಮ್ಮ ಮುಖವನ್ನೇ ನೋಡ್ತಾ... ಅಯ್ಯೋ ಭಾವ.

ಉಳೀತಾನಾ ಅಂತ ನಾನು ಹೇಗೆ ಹೇಳ್ಲಿ?... ಡಾಕ್ಟ್ರು ಹೇಳಿದ್ದನ್ನ ಹಾಗೇ ಹೇಳಿ. ಪಕ್ಕದಲ್ಲಿ ಕೂತ್ಕೊಳ್ಳಿ, ಒಂದು ಲೋಟ ನೀರು ಕೊಡಿ... ಅಳಬೇಡಿ, ಅವರು ಹೆದರ್ಕೋತಾರೆ.

ನಡೆದದ್ದನ್ನ ನಾಳೆ ಆಸ್ಪತ್ರೆಯವರಿಗೆ ನಾವೇ ಹೇಳೋಣ... ಹೂಂ, ನಾನೂ ಬರ್ತೀನಿ. ನಿಮ್ಮೊಬ್ಬರನ್ನೇ ಕಳಿಸಿದ್ರೆ ಅದನ್ನೂ ತಲೆಕೆಳಗೆ ಹೇಳ್ತೀರಿ.

ಅಂದ ಹಾಗೆ, ಸೇವ್ ಮಾಡಿದ್ರಲ್ವಾ?... ಸೇವ್ ಭಾವ, ಸೇವ್! ಮಾಡದೆ ಆಫ್ ಆದ್ರೆ ಮತ್ತೆ ಒಂಬತ್ತೇ... ಏನು? ಗಟ್ಟಿಯಾಗ್ಲಿ ಅಂತ ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ? ಬೇಡ! ಆ ನೆಲಮಾಳಿಗೇಲಿ ಸಿಗ್ನಲ್ ಇಲ್ಲ, ನೀವು ಮಾತಾಡ್ತಿರೋದೇ ಆ ರೂಟರ್‌ನ ವೈಫೈಯಲ್ಲಿ... ಸ್ವಿಚ್ಚಿಂದ ಕೈ ತೆಗೀರಿ ಭಾವ, ಕೈ ತೆಗೀ...

ಹಲೋ?... ಭಾವ?...