ಚಿನ್ಮಯಿಗೆ ತುಂಬಿದ ಉಡಿ

ಇಲ್ಲ, ಇಲ್ಲ... ನೀ ಏನರ ಹೇಳು ಪ್ರಿಯಂವದಾ, ನಾ ಒಪ್ಪಾಕಿ ಅಲ್ಲ! ಹುಡುಗರಿಗೆ ಫೋನ್ ಮಾಡಬಾರದು, ಅವರ ಮನೀಗೆ ಹೋಗಬಾರದು, ನಮ್ಮ ಮನೀಗೆ ಕರೀಬಾರದು, ಏನೂ ಕೊಡಬಾರದು... ಹಂಗಾದ್ರ ನಿಮ್ಮ ಓದಿನ ಕೇಂದ್ರಕ್ಕ ಗಣಿತ ಹೇಳೂ ಮಷೀನ್ ಒಂದು ತಂದಿಡ್ರಿ! ಈ ಸುಂದರಾಬಾಯಿ ಯಾಕ ಬೇಕು?

ಕುಂದರು, ಏಳಬ್ಯಾಡ. ತಾರ್ನಾಕದಿಂದ ಈ ಸುಡು ಬಿಸಲಾಗ ಬಂದೀ, ಮಜ್ಜಿಗಿ ಕುಡಿ. ಯಾಕ, ಅದೂ ನೇಮಕ್ಕ ವಿರುದ್ಧೇನು? ಹಾಂ, ನಗು, ನಗು. ನಗಾಕ ಇನ್ನೂ ನೇಮ ಮಾಡಿಲ್ಲಲ್ಲ ನೀವು.

ಮರತೀಯೇನು? ಎರಡು ಜಡಿ ಹಾಕ್ಕೊಂಡು, ಭಿನ್ನರಾಶಿ ಅಂದ್ರ ಅಳತಿದ್ದಿ. ನಾನs ಕಲಿಸಿದ್ದು. ಇವತ್ತು ನೀ ಕೇಂದ್ರ ನಡಸೂ ಮೇಡಮ್ಮು, ನಾ ರಿಟೈರಾಗಿ ಪುಕ್ಕಟೆ ಪಾಠ ಹೇಳೂ ಮುದುಕಿ. ಇರಲಿ. ತಾಯಿ ಬನಶಂಕರಿ ನಿನ್ನ ಇನ್ನಷ್ಟು ದೊಡ್ಡಾಕಿನ ಮಾಡಲಿ. ನನಗ ಸಿಟ್ಟಿಲ್ಲ. ಆದ್ರ ಅಂಜಿಕಿನೂ ಇಲ್ಲ!

ಏನು ತಪ್ಪು ಮಾಡೀನಿ, ಹೇಳು? ಆ ಹುಡುಗಿ ಚಿನ್ಮಯಿ ಕೇಂದ್ರಕ್ಕ ಮೊದಲ ಬಂದಾಗ ಹೆಂಗಿದ್ಲು? ತಲಿ ಎತ್ತತಿದ್ದಿಲ್ಲ. ಗಣಿತದಾಗ ಫೇಲು. ಈಗ ಇಂಟರ್ ಎರಡನೇ ವರ್ಷದ ಲೆಕ್ಕ ನೀರು ಕುಡಿದಂಗ ಮಾಡತಾಳ. ಅದು ಬರೇ ಸೂತ್ರ ಹೇಳಿದ್ರ ಆಗತೈತೇನು? ಮುಂಜಾನೆ ದೀಪ ಹಚ್ಚಿದ ಕೂಡಲೇ ಬನಶಂಕರಿ ತಾಯಿ ಫೋಟೋ ತಗದು ಆಕೀಗೆ ಕಳಸತಿದ್ದೆ. ‘ಉಂಡೀಯೇನವ್ವಾ?’ ಅಂತ ಕೇಳತಿದ್ದೆ. ಉತ್ತರ ಬರಲಿಲ್ಲಂದ್ರ ಫೋನ್ ಮಾಡತಿದ್ದೆ. ಎತ್ತಲಿಲ್ಲಂದ್ರ... ಮತ್ತ ಮಾಡತಿದ್ದೆ. ಕಳ್ಳತನ ಏನು ಅದು?

ಉಪ್ಪಲ್ ಮೆಟ್ರೋ ಕೆಳಗ ನಿಂತಿದ್ದೂ ಗೊತ್ತಾತಾ ನಿನಗ? ಹೌದು, ನಿಂತಿದ್ದೆ! ಹುಡುಗಿ ಕೆಮ್ಮಾಕತ್ತಿದ್ಲು, ಕಷಾಯ ಒಯ್ದಿದ್ದೆ. ಆ ಗಾರ್ಡ್ ಬ್ಯಾರೆ, ‘ಅಮ್ಮಾ, ಪಕ್ಕಕಿ ಜರಗಂಡಿ’, ಬಾಜೂಕ ಸರೀರಿ ಅಂತ ತೆಲುಗಿನಾಗ ಒಂದs ಸಮ ಒದರಾಕತ್ತಿದ್ದ. ಗೆಳತ್ಯಾರ ಮುಂದ ಆಕೀಗೆ ನಾಚಿಕಿ ಆತಂತ... ಕಷಾಯಕ್ಕ ಯಾಕವ್ವಾ ನಾಚಿಕಿ?

ಹಂಗ ನೋಡಬ್ಯಾಡ. ಚಿನ್ಮಯಿ ಮನಿ ಸುದ್ದೀಗೆ ಬರಾಕತ್ತೀ ಅಂತ ನನಗ ಗೊತ್ತೈತಿ. ‘ಅಪ್ಪ ಅವ್ವ ಮಾತಾಡವಲ್ರು, ಅನ್ನಕ್ಕ ಕರೀಬೇಕಂದ್ರೂ ನನ್ನs ಕಳಸತಾರ’ ಅಂತ ಹುಡುಗಿ ನನ್ನ ಹತ್ರ ಅತ್ತಳು. ಅತ್ತದ್ದು ಕೇಳಿ ಸುಮ್ನ ಕುಂದರಬೇಕಾಗಿತ್ತೇನು? ಹೋದೆ. ಆಕಿ ಅವ್ವ ವಿಶಾಲಾಕ್ಷಿನ, ಅಪ್ಪನ್ನ, ಇಬ್ಬರನ್ನೂ ದೇವರ ಮುಂದ ಕುಂದರಿಸಿ, ‘ದೀಪ ಮುಟ್ಟಿ ಮಾತಾಡ್ರಿ’ ಅಂದೆ! ದೇವರ ಹೆಸರಿನಾಗs ಹೇಳಿದ್ದು...

ಹೌದು. ನನಗ ಒಬ್ಬಾಕೀಗೆ ನಂಬಿ ಹೇಳಿದ್ಲು. ಹೌದು ಮಾರಾಯ್ತಿ, ಯಾರಿಗೂ ಹೇಳಬ್ಯಾಡ್ರಿ ಅಂತನೂ ಅಂದಿದ್ಲು. ಆದ್ರ ನಾ ಯಾರೋ ಹೊರಗಿನಾಕೀನ? ನವರಾತ್ರ್ಯಾಗ ಇದs ಮಣಿ ಮ್ಯಾಲೆ ಆಕಿನ್ನ ಕುಮಾರಿ ಅಂತ ಕುಂದರಿಸಿ, ಉಡಿ ತುಂಬಿಲ್ಲ? ಅಕ್ಕಿ, ಕೊಬ್ಬರಿ, ಅರಿಷಿಣ ಕೊಂಬು, ಹಸಿರು ಖಣ... ಸುಲ್ತಾನ್ ಬಜಾರ್ ಪೂರಾ ತಿರುಗಿ, ನವಿಲಂಚಿಂದು ಹುಡುಕಿ ತಂದಿದ್ದೆ. ತಾಯಿ ಸಾಕ್ಷಿಯಾಗಿ ಉಡಿ ತುಂಬಿದ ಮ್ಯಾಲೆ ಆಕಿ ನಮ್ಮ ಮನಿ ಮಗಳು! ನಿಮ್ಮ ನೇಮ ದೊಡ್ಡದೋ, ತಾಯಿ ನೇಮ ದೊಡ್ಡದೋ?

ಆಕಿನ್ನ ಕೇಳಿದ್ರೇನು, ಅಂತೀ? ಮಗಳಾಗತೀ ಏನು ಅಂತ ಯಾರರ ಕೇಳಿ ಉಡಿ ತುಂಬತಾರ?

ಖಣ? ಖಣದ ಮಾತು ಈಗ ಯಾಕ ತಗದಿ? ಶಿಂಪಿಗ್ಯಾನ ಹತ್ರ ಐತಿ. ಕುಪ್ಪಸ ಹೊಲಿಸಾಕ ಕೊಟ್ಟಾಳ. ಭಾಳ ಖುಷಿ ಪಟ್ಟಳು ಹುಡುಗಿ, ಭಾಳ...

ಕೇಂದ್ರಕ್ಕ ಬರೋದು ಬಿಟ್ಟಾಳ, ನನಗೂ ಗೊತ್ತೈತಿ. ಪರೀಕ್ಷಿ ತಲಿ ಮ್ಯಾಲೆ ಬಂದೈತಿ. ಅದಕ್ಕs ಅಲ್ಲೇನು ನನ್ನ ಜೀವ ಹೈರಾಣಾಗಿದ್ದು? ನೀ ಹೇಳಿದ್ದೂ ತಿಳೀತು. ನಾ ನಿಮ್ಮ ನೇಮಕ್ಕ ಹ್ಞೂಂ ಅಂದ್ರ ಆಕಿ ಬರತಾಳ. ಇಲ್ಲಂದ್ರ ವರ್ಷ ಹೋದ್ರೂ ಬರಂಗಿಲ್ಲ. ಇದು ಆಕಿ ಅವ್ವನ ಮಾತು. ಹೌದಿಲ್ಲೊ? ಮನೀಗೆ ಬಂದು ಬುದ್ಧಿ ಹೇಳಿದ್ಲಂತ ವಿಶಾಲಾಕ್ಷೀಗೆ ಸಿಟ್ಟು. ಅಲ್ಲೇನು? ಹಂಗಾದ್ರ ಅಪ್ಪನ ಮಾತೇನು? ...ಮತ್ಯಾರು?

ಯಾಕ, ಹೊಂಟೀ ಏನು?

ಹೋಗಲಿ ಬಿಡು. ವಾದ ಸಾಕು. ಇವತ್ತು ಶುಕ್ರವಾರ, ಮನೀಗೆ ಬಂದ ಹೆಣ್ಣುಮಗಳನ್ನ ಬರಿಗೈಲೆ ಕಳಸೂ ಪದ್ಧತಿ ನಮ್ಮನ್ಯಾಗ ಇಲ್ಲ. ತಡಿ, ದೇವರ ಮುಂದಿನ ತಾಟು ತರತೀನಿ... ಹಾಂ. ಕುಂಕುಮ ಹಚ್ಕೊ. ಸೆರಗು ಒಡ್ಡು, ಉಡಿ ತುಂಬತೀನಿ. ಇದಕ್ಕೂ ನೇಮ ಹೇಳಿದ್ರ ಕೇಳಂಗಿಲ್ಲ ನೋಡು!

ಒಡ್ಡs.

ಯಾಕ... ಯಾಕ ಕೈ ಹಿಂದ ತಗದಿ? ಇದಾ? ಹಸಿರಂದ್ರ ಎಲ್ಲಾನೂ ಒಂದs ಆಗತಾವೇನು? ಇದು ಬ್ಯಾರೆ ಖಣ. ಅವತ್ತು ಎರಡು ತಂದಿದ್ದೆ. ಇದೂ ನವಿಲಂಚs... ಎರಡು ತಂದಿದ್ದೆ, ಪ್ರಿಯಾ.

ಬೈ ಬೇಕಾದ್ರ.

...ಆಕೀನs ಹೇಳಿದ್ಲೇನು ನಿನಗ?

ಎರಡು ತಂದಿಲ್ಲ. ಇದು ಅದs.

ಚಿನ್ಮಯಿ ಈ ಖಣದ ಚೀಲ ಬಾಗಲ ಕೊಂಡೀಗೆ ಸಿಗಿಸಿ ಹೊಂಟಿದ್ಲು. ನಾ ನೋಡಿ ಕರದೆ. ಆಕಿ ಒಳಗ ಬರಲಿಲ್ಲ. ಹೊಸ್ತಿಲದಾಚೆ ನಿಂತು, ‘ಬಾಯೀರೀ, ನನಗ ಒಬ್ಬಾಕಿ ಅವ್ವ ಅದಾಳ. ನನಗ ಗಣಿತಕ್ಕ ಒಬ್ಬರು ಬೇಕಾಗಿತ್ತು’ ಅಂದಳು. ದನಿ ಏರಿಸಲಿಲ್ಲ. ಕೈ ಮುಗಿದು ಅಂದಳು, ನನ್ನ ಬಂಗಾರ. ಕೇಳಿಸಿಲ್ಲಂತ ಅನ್ಕೊಂಡೆ. ಕೇಳಿತ್ತು. ಉಡಿ ತಿರುಗಿ ಬರೋದಂದ್ರ ಏನಂತ ಆಕೀಗೆ ಗೊತ್ತಿಲ್ಲಂತ ತಿಳಕೊಂಡು ಖಣ ತಾಯಿ ಮುಂದ ಇಟ್ಟೆ. ಮರುದಿನನೂ ಫೋಟೋ ಕಳಿಸಿದೆ...

ಕೈ ಹಿಡೀಬ್ಯಾಡ. ನಾ ಅಳಾಕಿ ಅಲ್ಲ.

ಸೋಮವಾರ ಬಾ ಅನ್ನು ಆಕೀಗೆ. ನೀ ಹೇಳಿದಂಗ ಬಾಗಲ ತಗದಿರಲಿ, ಇನ್ನಿಬ್ಬರು ಹುಡುಗರು ಕುಂತಿರಲಿ. ಉಂಡೀಯೇನು ಅಂತ ಕೇಳಂಗಿಲ್ಲ. ಲೆಕ್ಕ ಹೇಳತೀನಿ, ಎದ್ದು ಬರತೀನಿ. ಸೋತೆ ಅಂತ ತಿಳೀಬ್ಯಾಡ! ಆಕಿ ಪಾಸಾಗಬೇಕು, ಅಷ್ಟs.

ಇಕಾ, ನನ್ನ ಫೋನು. ಆಕಿ ನಂಬರ ನೀನs ಅಳಿಸು. ನನ್ನ ಕೈ ಬರಂಗಿಲ್ಲ.

ಅಳಿಸಿದಿಯೇನು? ಬಾಯಿಪಾಠ ಐತಿ ನನಗ... ಅದನ್ನ ತಾಯಿ ಅಳಿಸಲಿ.