ಕ್ಯಾಲ್ಸಿಯಂ ಎಲ್ಲಿಂದ ಬಂತು

ಸಭೆಯ ಅಧ್ಯಕ್ಷರೂ ಈ ಕಾಲೇಜಿನ ಪ್ರಾಂಶುಪಾಲರೂ ಆದ ಶ್ರೀ ಈರಣ್ಣ ಅವರೇ, ವೇದಿಕೆಯ ಮೇಲೆ ಕುರ್ಚಿ ಸಿಕ್ಕಿರುವ ಗಣ್ಯರೇ, ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತಿರುವ ಇನ್ನೂ ದೊಡ್ಡ ಗಣ್ಯರೇ, ಅಧ್ಯಾಪಕ ಬಂಧುಗಳೇ, ಊಟಕ್ಕೆ ಇನ್ನೆಷ್ಟು ಹೊತ್ತು ಎಂದು ಪಿಸುಗುಡುತ್ತಿರುವ ವಿದ್ಯಾರ್ಥಿಗಳೇ, ನನ್ನ ಖಾನಾಪುರದ ಸಭಿಕರೇ,

ಶಾಲು ಹೊದಿಸಿದಿರಿ, ಹಾರ ಹಾಕಿದಿರಿ, ತಲೆಗೆ ಪೇಟ ಇಟ್ಟಿರಿ. ಪೇಟ ಕಿವಿಯವರೆಗೆ ಇಳಿದದ್ದರಿಂದ ನನ್ನ ಹೊಗಳಿಕೆಯಲ್ಲಿ ಅರ್ಧ ಮಾತ್ರ ಕೇಳಿಸಿತು. ಅರ್ಧವೇ ಹೆಚ್ಚಾಯಿತು. ನಿಮ್ಮ ಭೌತಶಾಸ್ತ್ರದ ಉಪನ್ಯಾಸಕ ತಾಲಿಬ್ ಅವರು "ಡಾಕ್ಟರ್ ಗಂಗಾದೇವಿ ಮೇಡಂ" ಎಂದು ಹದಿನೆಂಟು ನಿಮಿಷ ನನ್ನ ಪರಿಚಯ ಮಾಡಿದರು. ನಾನು ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ, ಹೊತ್ತು ಅಳೆಯುವುದು ನನ್ನ ಕಸುಬು. ಆ ಹದಿನೆಂಟು ನಿಮಿಷದಲ್ಲಿ ಒಬ್ಬರ ಹೆಸರನ್ನು ಮಾತ್ರ ಅವರು ಬಿಟ್ಟುಬಿಟ್ಟರು. ಆ ಒಬ್ಬರ ಬಗ್ಗೆ ಮಾತಾಡಲೆಂದೇ ನಾನು ಬೆಳಗಾವಿಯಿಂದ ಬಂದದ್ದು. ತಾಲಿಬ್, ಮೈಕಿನ ವೈರು ಸರಿಮಾಡುವ ನೆಪದಲ್ಲಿ ಹೊರಗೆ ಜಾರಬೇಡಿ. ಕುಂದರ್ರಿ.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಆಯಸ್ಕಾಂತದ ಮೇಲೆ ಲೇಸರ್ ಬೆಳಕಿನ ಒಂದು ಏಟು ಹಾಕುತ್ತೇವೆ. ಅದರ ಕಾಂತಶಕ್ತಿ ತಟ್ಟನೆ ಕುಸಿಯುತ್ತದೆ. ಎಷ್ಟು ತಟ್ಟನೆ? ಒಂದು ಸೆಕೆಂಡನ್ನು ಕೋಟಿ ಚೂರು ಮಾಡಿ. ಅದರಲ್ಲಿ ಒಂದು ಚೂರನ್ನು ಮತ್ತೆ ಕೋಟಿ ಚೂರು ಮಾಡಿ. ಅಂಥ ಇಪ್ಪತ್ತು ಚೂರು ಸಾಕು, ಆಟ ಮುಗಿಯುತ್ತದೆ. ಅದು ಕುಸಿಯುವುದನ್ನು ಕ್ಷಣಕ್ಷಣ ನೋಡುವುದೇ ನನ್ನ ಸಂಶೋಧನೆ. ಇದನ್ನು ಕೇಳಿದ ನಮ್ಮವ್ವ ಬಸವಣ್ಣೆವ್ವ, "ಅಷ್ಟ ಲಗೂನ ಆಗೂದನ್ನ ನೋಡಾಕ ನಿನಗ ಮೂವತ್ತ ವರ್ಷ ಯಾಕ ಬೇಕಾತವಾ?" ಎಂದಳು. ಜಗತ್ತಿನ ಯಾವ ವಿಮರ್ಶಕನೂ ನನಗೆ ಇಂಥ ಪ್ರಶ್ನೆ ಹಾಕಿಲ್ಲ.

ಅವ್ವನಿಗೆ ಕೊಟ್ಟ ಉತ್ತರವನ್ನೇ ನಿಮಗೂ ಕೊಡುತ್ತೇನೆ. ಮೂವತ್ತು ವರ್ಷದಲ್ಲಿ ನೋಡಿದ್ದು ಸ್ವಲ್ಪ, ಸ್ವಚ್ಛ ಮಾಡಿದ್ದೇ ಬಹಳ. ನಾವು ಬಳಸುವ ನಿಕ್ಕಲ್ ಮಾದರಿಯಲ್ಲಿ ಅಳತೆಗೆ ಸಿಗುವುದು ಕೆಲವೇ ಪರಮಾಣುಗಳಷ್ಟು ತೆಳುವಾದ ಮೇಲ್ಪದರ. ಮಾದರಿಯನ್ನು ಪೆಟ್ಟಿಗೆಯಂಥ ಉಕ್ಕಿನ ಕೋಣೆಯೊಂದರಲ್ಲಿಟ್ಟು, ಒಳಗಿನ ಗಾಳಿಯನ್ನೆಲ್ಲ ತೆಗೆದುಬಿಡುತ್ತೇವೆ. ಒಂದು ಬೆರಳಿನ ಗುರುತು ಬಿದ್ದರೆ ಒಂದು ತಿಂಗಳ ಕೆಲಸ ಹಾಳು. ಆದ್ದರಿಂದ ಪ್ರಯೋಗಾಲಯದ ಬಾಗಿಲಿಗೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ನಿಯಮ ಬರೆಸಿದ್ದೆ. ಪೌಡರ್ ಇಲ್ಲ. ಹೂವಿಲ್ಲ. ಬಳೆಯಿಲ್ಲ. ತಲೆಗೆ ಎಣ್ಣೆಯಿಲ್ಲ. ಸೀನು ಬಂದವರು ಹೊರಗೆ ಹೋಗಿ ಸೀನತಕ್ಕದ್ದು. ನೋಡಲು ಬಂದಿದ್ದ ಮಂತ್ರಿಗಳ ಪತ್ನಿಯ ಮಲ್ಲಿಗೆ ದಂಡೆಯನ್ನು ತೆಗೆಸಿ ಮೇಜಿನ ಮೇಲಿಡಿಸಿದವಳು ನಾನು. ಆಮೇಲೆ ನಮಗೆ ಮೂರು ವರ್ಷ ಗಾಳಿ ಎಳೆಯುವ ಹೊಸ ಪಂಪು ಮಂಜೂರಾಗಲಿಲ್ಲ. ಅದು ಬೇರೆ ಮಾತು.

ಹದಿಮೂರು ವರ್ಷದ ಹಿಂದೆ ಪೀರನವಾಡಿಯಿಂದ ತಾಲಿಬ್ ಎಂಬ ಹುಡುಗ ಸಂಶೋಧನೆಗೆ ಬಂದ. ಹೌದು, ಇವರೇ. ಅವರ ತಂದೆ ಕಲಂದರ ಅವರು ಉದ್ಯಮಬಾಗಿನಲ್ಲಿ ಲೇಥ್ ನಡೆಸುತ್ತಿದ್ದರು. ನಮ್ಮ ಯಂತ್ರದೊಳಗೆ ಮಾದರಿ ಹಿಡಿಯುವ ಉಕ್ಕಿನ ತಟ್ಟೆಯನ್ನು ಕಡೆದುಕೊಟ್ಟವರೂ ಅವರೇ. ಅದು ಇಂದಿಗೂ ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಮಗ ಮುಂಜಾನೆ ಮಕ್ಕಳಿಗೆ ಟ್ಯೂಷನ್ ಹೇಳಿ, ಆಮೇಲೆ ಪ್ರಯೋಗಾಲಯಕ್ಕೆ ಬರುತ್ತಿದ್ದ. ಮಾದರಿಯನ್ನು ಉಜ್ಜಿ ಹೊಳಪು ಮಾಡುವುದು ಅವನ ಕೆಲಸ. ಅದನ್ನು ತಟ್ಟೆಗೆ ಕೂರಿಸಿ ಒಳಗೆ ಬಿಡುವುದು ನನ್ನ ಕೆಲಸ. ಯಾಕೆಂದರೆ ನನಗೆ ಯಾರ ಕೈಯ ಮೇಲೂ ನಂಬಿಕೆ ಇರಲಿಲ್ಲ.

ಮೇಲ್ಮೈಗೆ ಏನು ಅಂಟಿದೆ ಎಂದು ತೋರಿಸುವ ಉಪಕರಣವೊಂದಿದೆ, ನಮಗೆ ಅದು ಬಂದದ್ದು ಆ ವರ್ಷವೇ. ಒಂದು ದಿನ ಅದರಲ್ಲಿ ಕ್ಯಾಲ್ಸಿಯಂ ಕಾಣಿಸಿಕೊಂಡಿತು. ನಿಕ್ಕಲ್ ಮೇಲೆ ಕ್ಯಾಲ್ಸಿಯಂ! ಯಾರು ತಂದರು? ಎಲ್ಲಿಂದ ತಂದರು? ನಾನು ಮೂಗು ಏರಿಸಿಕೊಂಡು ಪ್ರಯೋಗಾಲಯವನ್ನೆಲ್ಲ ನೋಡಿದೆ. ತಾಲಿಬನ ಅಂಗಿಯ ತೋಳಿನ ಮೇಲೆ ಟ್ಯೂಷನ್ನಿನ ಖಡು ಪುಡಿ ಬಿದ್ದಿತ್ತು, ಬೋರ್ಡಿನ ಮೇಲೆ ಬರೆಯುವ ಬಿಳೀ ಖಡು. ಸುಣ್ಣವೆಂದರೆ ಕ್ಯಾಲ್ಸಿಯಂ ತಾನೇ? ಸಿಕ್ಕಿತಲ್ಲ ಕಳ್ಳ!

"ಕೈ ತೊಳಕೊಂಡ ಬಾ," ಎಂದೆ.

"ತೊಳದೇನ್ರಿ ಮೇಡಂ."

"ಮತ್ತ ತೊಳಿ."

ಅವನು ಟ್ಯೂಷನ್ ಬಿಟ್ಟ. ಕೈಗೆ ಎರಡೆರಡು ಗವಸು ಹಾಕಿದ. ಸೋಪಿನಿಂದ ತೊಳೆದು ತೊಳೆದು ಬೆರಳ ಚರ್ಮ ಸುಲಿದುಹೋಯಿತು. ಕ್ಯಾಲ್ಸಿಯಂ ಹೋಗಲಿಲ್ಲ. ಹೀಗೆ ಎರಡು ವರ್ಷ, ಸಭಿಕರೇ. ಎರಡು ವರ್ಷ ಪ್ರತಿ ವಾರವೂ ನಾನು ಆ ಹುಡುಗನ ಕೈಗಳನ್ನು ಬೈದೆ.

ಆಮೇಲೆ ನಾನೊಂದು ಸಮ್ಮೇಳನಕ್ಕೆಂದು ಹತ್ತು ದಿನ ಜರ್ಮನಿಗೆ ಹೋದೆ. ಮರಳಿ ಬಂದು ನೋಡಿದರೆ, ಆ ಹತ್ತು ದಿನದ ಅಳತೆ ಕನ್ನಡಿಯಂತಿತ್ತು. ಎಂಥ ಅಳತೆ ಅಂತೀರಿ! ಅಷ್ಟು ನಿಚ್ಚಳವಾಗಿ ನಮ್ಮ ಯಂತ್ರ ಯಾವತ್ತೂ ಏನನ್ನೂ ತೋರಿಸಿರಲಿಲ್ಲ. ಮರುದಿನದಿಂದ ಮತ್ತೆ ಕ್ಯಾಲ್ಸಿಯಂ. ಆಗ ತಾಲಿಬ, ಎಂಟು ಮಂದಿಯ ಎದುರಿಗೆ, ತೀರಾ ಸಣ್ಣ ದನಿಯಲ್ಲಿ ಹೇಳಿದ: "ಮೇಡಂ, ನೀವ ಇರಲಾರದಾಗ ಕ್ಯಾಲ್ಸಿಯಂ ಬರೂದಿಲ್ಲರೀ."

ನಾನು ವಿಜ್ಞಾನಿ. ಎದುರಿಗೆ ಒಂದು ಸಾಕ್ಷ್ಯ ಬಂದು ನಿಂತಿದೆ. ನಾನೇನು ಮಾಡಬೇಕಿತ್ತು? "ಹಂಗಂದ್ರ ನಾ ಇದ್ದರ ನಿಮಗ ತ್ರಾಸ ಆಗತೈತೇನ?" ಎಂದು ಚೀರಿದೆ. ಆ ವಾರವೇ ಅವನು ಸಂಶೋಧನೆ ಬಿಟ್ಟುಹೋದ. ಕ್ಯಾಲ್ಸಿಯಂ ಹೋಗಲಿಲ್ಲ, ನಾನು ಮುಂದಿನ ಹುಡುಗರ ಕೈ ಬೈಯತೊಡಗಿದೆ.

ಇನ್ನು ಮುಂದಿನದು ಹೇಳಲು ಕಷ್ಟದ್ದು. ಸ್ವಲ್ಪ ನೀರು ಕುಡಿಯುತ್ತೇನೆ.

ನಾಲ್ಕು ದಿನದ ಮೇಲೆ ಕಲಂದರ ಅವರು ಪ್ರಯೋಗಾಲಯದ ಬಾಗಿಲಿಗೆ ಬಂದರು. ನನ್ನ ನಿಯಮ ಓದಿ ಚಪ್ಪಲಿ ಹೊರಗೇ ಬಿಟ್ಟರು, ಒಳಗೂ ಬರಲಿಲ್ಲ. ಅಲ್ಲೇ ಕೈಮುಗಿದು ನಿಂತು ಅಂದರು: "ನಮ್ಮ ಹುಡುಗ ನಿಮ್ಮ ಮಷೀನ್ ಕೆಡಿಸ್ಯಾನಂತರೀ. ಮಷೀನ್ ಕೆಡಿಸೂದಂದ್ರ ಏನು ಅಂತ ನನಗ ಗೊತ್ತೈತಿ. ಮಾಫ್ ಮಾಡ್ರಿ."

ನಾನು ದೊಡ್ಡ ಮನಸ್ಸಿನವಳಲ್ಲವೇ? "ಇರಲಿ ಬಿಡ್ರಿ, ಹುಡುಗರು," ಎಂದು ಮಾಫ್ ಮಾಡಿಬಿಟ್ಟೆ! ಮಾಡಿ, ಕುಳಿತು, ಆ ಹತ್ತು ದಿನದ ಅಳತೆಯಿಂದ ಒಂದು ಪ್ರಬಂಧ ಬರೆದೆ. ನೀವು ಇಂದು ಯಾವುದಕ್ಕಾಗಿ ನನಗೆ ಪೇಟ ಇಟ್ಟಿದ್ದೀರೋ, ಅದೇ ಪ್ರಬಂಧ. ಅಳೆದವನು ತಾಲಿಬ. ಅವನ ಹೆಸರು ಎಲ್ಲಿತ್ತು? ಕೊನೆಯ ಪುಟದಲ್ಲಿ, ನೆರವಿಗೆ ವಂದನೆ ಹೇಳುವ ಕಡೆ, ಮೇಜು ಮಾಡಿಕೊಟ್ಟ ಬಡಗಿಯ ಹೆಸರಿನ ಕೆಳಗೆ. ಯಾಕೆಂದರೆ ನನಗಿನ್ನೂ ಸಿಟ್ಟಿತ್ತು. ಕಾರಣ ಅಷ್ಟೇ, ಬೇರೆ ಹುಡುಕಬೇಡಿ.

ಬರುವ ಜೂನ್‌ನಲ್ಲಿ ನನ್ನ ನಿವೃತ್ತಿ. ಹೋದ ತಿಂಗಳು ಕಪಾಟು ಖಾಲಿ ಮಾಡುವಾಗ ತಾಲಿಬನ ಹಳೆಯ ನೋಟ್‌ಬುಕ್ ಸಿಕ್ಕಿತು. ತಾರೀಖು, ಒತ್ತಡ, ಉಷ್ಣತೆ, ಕ್ಯಾಲ್ಸಿಯಂ ಎಷ್ಟು, ಎಲ್ಲ ಸಾಲಾಗಿ ಬರೆದಿದ್ದ. ಪ್ರತಿ ಸಾಲಿನ ಕೊನೆಯಲ್ಲಿ ಇನ್ನೊಂದು ಮಾತು ಇತ್ತು: "ಮೇಡಂ ಇದ್ದಾರೆ." "ಮೇಡಂ ಇದ್ದಾರೆ." "ಮೇಡಂ ಇಲ್ಲ." ಮೊದಲು ನನಗೆ ಸಿಟ್ಟೇ ಬಂತು, ಹಳೆಯ ಚಟ ನೋಡಿ. ಆಮೇಲೆ ಎದುರಿಗಿದ್ದ ಉಕ್ಕಿನ ಕೋಣೆಯ ಹೊಳಪಿನಲ್ಲಿ ನನ್ನ ಮುಖ ಕಂಡಿತು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ.

ವಿಭೂತಿ ಹಚ್ಚಿಕೊಳ್ಳದೆ ಅವ್ವ ನನ್ನನ್ನು ಒಂದು ದಿನವೂ ಹೊಸ್ತಿಲು ದಾಟಲು ಬಿಟ್ಟವಳಲ್ಲ. ನನ್ನ ನಿಯಮದ ಪಟ್ಟಿಯಲ್ಲಿ ಅದು ಯಾಕೆ ಬರಲಿಲ್ಲ? ಅದನ್ನು ನಾನು ಹಚ್ಚಿಕೊಂಡದ್ದು ಎಂದು ಯಾವತ್ತೂ ತಿಳಿದಿರಲೇ ಇಲ್ಲ. ಅದು ನನ್ನ ಹಣೆ, ಅಷ್ಟೇ. ಕನ್ನಡಕ ಮೇಲೆ ಸರಿಸುತ್ತ ಹುಬ್ಬಿನ ನಡುವೆ ಉಜ್ಜಿಕೊಳ್ಳುವ ಅಭ್ಯಾಸ ಬೇರೆ. ಈ ಭಾಷಣದಲ್ಲೇ ಏಳು ಸಲ ಉಜ್ಜಿದ್ದೇನೆ, ಮುಂದಿನ ಸಾಲಿನ ಹುಡುಗಿಯರು ಎಣಿಸಿ ನಗುತ್ತಿದ್ದಾರೆ. ಗವಸು ಹಾಕಿದ ಮೇಲೂ ಉಜ್ಜಿಕೊಂಡು, ಅದೇ ಬೆರಳಿನಿಂದ ತಟ್ಟೆ ಮುಟ್ಟುತ್ತಿದ್ದೆ. ಅನುಮಾನ ಬಂದರೆ ಸಾಲದು, ಅಳೆಯಬೇಕು. ಹಣೆಯಿಂದ ಒಂದು ಚಿಟಿಕೆ ಕೆರೆದು ಯಂತ್ರದೊಳಗೆ ಇಟ್ಟೆ. ಅದೇ ಕ್ಯಾಲ್ಸಿಯಂ, ಪರದೆಯ ಅದೇ ಜಾಗದಲ್ಲಿ. ತಪ್ಪು ವಿಭೂತಿಯದಲ್ಲ, ಸಭಿಕರೇ. ಹಣೆಯ ಒಳಗಿದ್ದದ್ದರದ್ದು.

ಅದನ್ನು ಅಚ್ಚುಹಾಕಿದ ವಿಜ್ಞಾನ ಪತ್ರಿಕೆಗೆ ಬರೆದಿದ್ದೇನೆ: ಪ್ರಬಂಧದಲ್ಲಿ ಮೊದಲ ಹೆಸರು ತಾಲಿಬ್‌ದು, ಎರಡನೆಯದು ನನ್ನದು ಆಗಬೇಕು ಎಂದು. ಡಾಕ್ಟರೇಟಿಗೆ ಅವರು ಮತ್ತೆ ಹೆಸರು ನೋಂದಾಯಿಸಲು ವಿಶ್ವವಿದ್ಯಾಲಯ ಒಪ್ಪಿದೆ. ವಾರಕ್ಕೆ ಎರಡು ದಿನ ರಜೆ ಬೇಕಾಗುತ್ತದೆ. ಅಧ್ಯಕ್ಷರೇ, ಕೊಡುತ್ತೀರಲ್ಲ? ತಲೆ ಆಡಿಸಿದರು, ಎಲ್ಲರೂ ನೋಡಿದಿರಿ, ಫೋಟೋದವರು ಅದನ್ನೊಂದು ಹೊಡೆದುಕೊಳ್ಳಿ.

ಹೋದ ರವಿವಾರ ಅರ್ಜಿ ಹಿಡಿದು ಪೀರನವಾಡಿಗೆ ಹೋಗಿದ್ದೆ. ತಾಲಿಬ್ ಅವರ ಹೆಂಡತಿ ಮಮ್ತಾಜ ಚಹಾ ಕೊಟ್ಟರು. ನಾನು ಕ್ಷಮೆ ಕೇಳಿದೆ. ತಾಲಿಬ್ ಅರ್ಜಿಯನ್ನು ಮಡಚಿಟ್ಟು ಅಂದರು: "ಸಹಿ ಆಮ್ಯಾಲ ಮಾಡತೇನ್ರಿ ಮೇಡಂ. ನಾ ಏನೂ ಕೆಡಿಸಿಲ್ಲ ಅಂತ ಮೊದಲ ನಮ್ಮ ಅಬ್ಬಾಗ ಹೇಳ್ರಿ. ಹನ್ನೊಂದ ವರ್ಷ ಆತು, ನಾ ಹೇಳಿದ್ರ ನಂಬವಲ್ರು. ಅಷ್ಟ ದೊಡ್ಡ ಮೇಡಂ ಸುಳ್ಳ ಹೇಳತಾರೇನ ಅಂತಾರ."

ಕಲಂದರ ಅವರು ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ. ಏಳಬೇಡಿ, ಏಳಬೇಡಿ. ನಿಲ್ಲಬೇಕಾದವಳು ನಾನು, ನಿಂತೇ ಇದ್ದೇನೆ. ಕಲಂದರ ಅವರೇ, ಅಂದು ನೀವು ಕೈಮುಗಿದು ಕೊಟ್ಟದ್ದನ್ನು ನಾನು ತೆಗೆದುಕೊಂಡೆ. ಅದು ನನಗೆ ಸೇರಬೇಕಾದದ್ದಲ್ಲ. ನಿಮ್ಮ ಮಗಾ ಏನೂ ಕೆಡಿಸಿಲ್ಲರೀ. ಅವನ ಕೈ ಸ್ವಚ್ಛ ಇದ್ದೂವು, ಮೊದಲನೇ ದಿನದಿಂದ ಸ್ವಚ್ಛ ಇದ್ದೂವು. ಕೆಡಿಸಿದಾಕಿ ನಾನು. ನನ್ನನ್ನ ಮಾಫ್ ಮಾಡ್ರಿ.

ಹಸಿದ ಹೊಟ್ಟೆಯಲ್ಲಿ ಕುಳಿತು ಇಷ್ಟೆಲ್ಲ ಕೇಳಿದ ನಿಮಗೆಲ್ಲರಿಗೂ ನಾನು ಋಣಿ. ಮೊದಲು ಮೂರನೇ ಸಾಲಿಗೆ, ಆಮೇಲೆ ವೇದಿಕೆಗೆ, ನಮಸ್ಕಾರ.